ಎಚ್‌ಐವಿ ಮಾತ್ರೆಗೆ ಹೋದ ದಿನವೇ ಗರ್ಭಕೋಶದ ತಪಾಸಣೆ: ಒಂದೇ ಓಡಾಟದಲ್ಲಿ ಮುಗಿಸುವುದು ಹೇಗೆ?

ಪಾಂಡವಪುರ ಕಡೆಯ ಅಕ್ಕನೊಬ್ಬರಿಗೆ ಎಂಟು ತಿಂಗಳಿಂದ ಬಿಳಿ ಹೋಗುತ್ತಿತ್ತು. ಆ ಎಂಟು ತಿಂಗಳೂ ಅವರು ತಪ್ಪದೆ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಮಾತ್ರೆಯ ಡಬ್ಬಿ ತಂದಿದ್ದರು. ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ‘ಅದು ಆ ಕೊಠಡಿಯ ಕಾಯಿಲೆ ಅಲ್ಲವಲ್ಲ’ ಎಂದರು.

ಎಚ್‌ಐವಿಗೆ ಒಂದು ಬಾಗಿಲು, ಬಸುರಿಗೆ ಇನ್ನೊಂದು, ಗುಪ್ತರೋಗಕ್ಕೆ ಮತ್ತೊಂದು. ಬಹುತೇಕ ಮೂರೂ ಬರುವ ದಾರಿ ಒಂದೇ ಆಗಿರುವಾಗ ಚಿಕಿತ್ಸೆಗೆ ಮಾತ್ರ ಮೂರು ಸಾಲು. ಸರ್ಕಾರದ ಕಾಗದದಲ್ಲಿ ಈ ಸೇವೆಗಳು ಜೋಡಣೆಯಾಗಿವೆ. ಕೊಠಡಿಯಿಂದ ಕೊಠಡಿಗೆ ಜೋಡಿಸುವ ಕೆಲಸ ಹೆಚ್ಚಾಗಿ ರೋಗಿಯ ಕಾಲಿಗೇ ಬೀಳುತ್ತದೆ. ಅದನ್ನು ಹೀಗೆ ಮಾಡಿಕೊಳ್ಳಬಹುದು.

ಹೊರಡುವ ಮುನ್ನ

ಮಾತ್ರೆ ತರುವ ದಿನವನ್ನೇ ತಪಾಸಣೆಗೂ ಇಟ್ಟುಕೊಳ್ಳಿ. ಮುಟ್ಟಿನ ದಿನಗಳನ್ನು ಬಿಡಿ. ಎಆರ್‌ಟಿ ಪುಸ್ತಕ, ಹಳೆಯ ಒಪಿಡಿ ಚೀಟಿ, ಬಸುರಿಯಾಗಿದ್ದರೆ ತಾಯಿ ಕಾರ್ಡ್ ಚೀಲದಲ್ಲಿರಲಿ. ಕೊನೆಯ ಸಲ ಮುಟ್ಟಾದ ದಿನಾಂಕ ಬರೆದುಕೊಂಡಿರಿ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಮತ್ತು ಹೆಂಗಸರು, ಮಕ್ಕಳಿಗಾಗಿಯೇ ಇರುವ ಚೆಲುವಾಂಬ, ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ ಇದೆ. ಬೆಳಿಗ್ಗೆಯೇ ಹೋಗಿ. ಊಟದ ಹೊತ್ತಾದ ಮೇಲೆ ಒಂದು ಕೊಠಡಿಯಲ್ಲಿ ಮೇಜಿದ್ದರೆ ಇನ್ನೊಂದರಲ್ಲಿ ಬೀಗವಿರುತ್ತದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಖರ್ಚಿನ ಚಿಂತೆ ತಪ್ಪಿದೆ. ಕೂಲಿ ತಪ್ಪುವ ಚಿಂತೆ ಹಾಗೆಯೇ ಉಳಿದಿದೆ. ಅದಕ್ಕೇ ಒಂದೇ ದಿನದಲ್ಲಿ ಮುಗಿಸಬೇಕು ಎನ್ನುವುದು.

ಆಪ್ತಸಮಾಲೋಚಕರ ಮುಂದೆ

ಅವರು ಕೇಳಲಿ ಎಂದು ಕಾಯಬೇಡಿ. ಮೂರು ಮಾತನ್ನು ನೀವೇ ಎತ್ತಿ: ಮಗು ಬೇಕೋ ಬೇಡವೋ, ಬಿಳಿಸೆರಗು, ಉರಿಮೂತ್ರ, ಹುಣ್ಣು ಏನಾದರೂ ಇದೆಯೋ, ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ತಪಾಸಣೆ ಯಾವಾಗ ಆಗಿತ್ತು. ‘ಸ್ತ್ರೀರೋಗ ವಿಭಾಗಕ್ಕೆ ಹೋಗಿ’ ಎಂದರೆ ಎದ್ದು ಬರಬೇಡಿ. ಚೀಟಿ ಬರೆಸಿಕೊಳ್ಳಿ, ಕೊಠಡಿಯ ಸಂಖ್ಯೆ, ಮಹಡಿ ಎಲ್ಲವನ್ನೂ ಅದರಲ್ಲೇ ಬರೆಸಿ. ಆ ಚೀಟಿಯನ್ನು ಲಕೋಟೆಯಲ್ಲಿ ಕೊಡಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ನಿಮ್ಮ ವಿಷಯವನ್ನು ಸಾಲಿನಲ್ಲಿ ನಿಂತವರ ಕಿವಿಗೆ ಬೀಳುವಂತೆ ಕೂಗಿ ಹೇಳುವುದಕ್ಕೂ ಯಾರಿಗೂ ಹಕ್ಕಿಲ್ಲ.

ಸುರಕ್ಷಾ ಕ್ಲಿನಿಕ್

ಗುಪ್ತರೋಗಕ್ಕೆ ಉಚಿತ ಚಿಕಿತ್ಸೆ ಸಿಗುವುದು ಇಲ್ಲಿ. ಲಕ್ಷಣಕ್ಕೆ ತಕ್ಕಂತೆ ಔಷಧಗಳನ್ನು ಬೇರೆ ಬೇರೆ ಬಣ್ಣದ ಕಿಟ್‌ಗಳಲ್ಲಿ ಇಟ್ಟಿರುತ್ತಾರೆ. ಸಿಫಿಲಿಸ್‌ಗೆ ರಕ್ತ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಹುಣ್ಣು, ಉರಿಯೂತ ಇದ್ದಲ್ಲಿ ಎಚ್‌ಐವಿ ಸುಲಭವಾಗಿ ದಾಟುತ್ತದೆ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಪಾಂಡವಪುರದ ಅಕ್ಕನಿಗೆ ಬೂದು ಬಣ್ಣದ ಕಿಟ್ ಎರಡು ಸಿಕ್ಕವು, ಒಂದು ಅವರಿಗೆ, ಇನ್ನೊಂದು ಗಂಡನಿಗೆ. ಗಂಡನದು ಮೂರು ದಿನ ಅಕ್ಕಿ ಡಬ್ಬದ ಹಿಂದೆ ಕುಳಿತಿತ್ತು. ನಾಲ್ಕನೆಯ ರಾತ್ರಿ ಅಕ್ಕ ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟು ವಿಷಯ ಹೇಳಿದರು. ಗಂಡ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ನೀರು ಕೇಳಿದರು. ಗಂಡ ಹೆಂಡತಿ ಇಬ್ಬರೂ ನುಂಗದಿದ್ದರೆ ಕಾಯಿಲೆ ಇವರಿಂದ ಅವರಿಗೆ, ಅವರಿಂದ ಇವರಿಗೆ ತಿರುಗುತ್ತಲೇ ಇರುತ್ತದೆ.

ಗರ್ಭಕಂಠದ ತಪಾಸಣೆ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸುಮಾರು 6 ಪಟ್ಟು ಹೆಚ್ಚು. ಉಳಿದವರು 30ನೇ ವಯಸ್ಸಿನಿಂದ ತಪಾಸಣೆ ಆರಂಭಿಸಿದರೆ ಸಾಕು. ಎಚ್‌ಐವಿ ಇದ್ದರೆ 25ರಿಂದಲೇ ಮಾಡಿಸಿಕೊಳ್ಳಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಳ ವಿಧಾನವೊಂದಿದೆ: ವಿನೆಗರ್‌ನಂಥ ತಿಳಿ ದ್ರಾವಣವನ್ನು ಹತ್ತಿಯಲ್ಲಿ ಸವರಿ ಒಂದು ನಿಮಿಷ ಕಾಯುತ್ತಾರೆ. ಅನುಮಾನದ ಜಾಗ ಬೆಳ್ಳಗಾಗುತ್ತದೆ. ಮಲಗಿ ಏಳುವಷ್ಟರಲ್ಲಿ ಮುಗಿಯುತ್ತದೆ. ಬೆಳ್ಳಗಾಯಿತೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ.

ಮಗು ಬೇಡವಾದರೆ, ಬೇಕಾದರೆ

ಬೇಡವಾದರೆ ನಿರೋಧ್ ಜೊತೆಗೆ ಇನ್ನೊಂದು ವಿಧಾನ ಇರಲಿ. ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತವೆ. ಕ್ಷಯದ ಮಾತ್ರೆ ಅಥವಾ ಎಚ್‌ಐವಿಯ ಎಫಾವಿರೆಂಜ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿಬಿಡಿ. ಅವು ಕೆಲವು ಗರ್ಭನಿರೋಧಕಗಳ ಶಕ್ತಿ ಕುಂದಿಸುತ್ತವೆ.

ಬೇಕಾದರೆ ಮೊದಲು ವೈರಲ್ ಲೋಡ್ ಪರೀಕ್ಷೆಯ ಫಲಿತಾಂಶ ಕೇಳಿ. ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಏನೂ ಚಿಕಿತ್ಸೆ ಇಲ್ಲದಿದ್ದರೆ 100 ತಾಯಂದಿರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಸೋಂಕು ದಾಟಬಹುದು. ಸರಿಯಾದ ಚಿಕಿತ್ಸೆ ಇದ್ದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಬಸುರಿನಲ್ಲಿ ಕೊಡುವ ಕಬ್ಬಿಣದ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಎಚ್‌ಐವಿಯ ಡೊಲುಟೆಗ್ರಾವಿರ್ ಮಾತ್ರೆಯ ಜೊತೆ ನುಂಗಬೇಡಿ, ಎಚ್‌ಐವಿ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದೊಂದಿಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಇದನ್ನು ಎಆರ್‌ಟಿ ಕೊಠಡಿಯವರು ಹೇಳಬೇಕೋ, ಹೆರಿಗೆ ಕೊಠಡಿಯವರು ಹೇಳಬೇಕೋ? ಇಬ್ಬರೂ ಮತ್ತೊಬ್ಬರು ಹೇಳಿರುತ್ತಾರೆ ಎಂದುಕೊಂಡಿರುತ್ತಾರೆ. ಹುಟ್ಟಿದ ಮಗುವಿಗೆ ಎಚ್‌ಐವಿ ತಡೆಯುವ ಸಿರಪ್ ಹಾಕಿಸಿ, 6ನೇ ವಾರದ ಎಚ್‌ಐವಿ ಪರೀಕ್ಷೆಗೆ ಆ ವಾರದ ಲಸಿಕೆಗಳ ದಿನವೇ ಕರೆದೊಯ್ಯಿರಿ. ಕೊನೆಯ ಖಚಿತ ಪರೀಕ್ಷೆ 18ನೇ ತಿಂಗಳಲ್ಲಿ.

ಎಚ್‌ಐವಿ ಇದೆಯೋ ಇಲ್ಲವೋ ಗೊತ್ತಿಲ್ಲದ ಬಸುರಿಯರಿಗೂ ಮೊದಲ ತಪಾಸಣೆಯಲ್ಲೇ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಇದೆ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹೊರಡುವುದೇ ಕಷ್ಟವಾದರೆ 1097ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ.