ಕೋರ್ಟ್ ಸೀನ್ ಬರೆಯಲು ಕೋರ್ಟಿನಲ್ಲೇ ಕೂತೆ

ಲಂಚದ ಕೇಸೊಂದರಲ್ಲಿ ಬಡವನ ಪರ ನಿಂತು ವಾದಿಸುವ ಯುವ ವಕೀಲೆ. ನಿರ್ದೇಶಕರು ನನಗೆ ಕೊಟ್ಟಿದ್ದು ಇಷ್ಟೇ. ಮೊದಲ ಕರಡು ಬೇಗ ಮುಗಿಯಿತು. ಮಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡುವ ಗೆಳತಿಗೆ ಓದಲು ಕೊಟ್ಟೆ. ಅವಳು ಮೊದಲು ಹೊಡೆದುಹಾಕಿದ್ದು ಜಡ್ಜ್ ಕೈಯ ಸುತ್ತಿಗೆಯನ್ನು. ಆಮೇಲೆ ಭಗವದ್ಗೀತೆ ಮುಟ್ಟಿ ಮಾಡುವ ಪ್ರಮಾಣವನ್ನು. "ಇದೆಲ್ಲ ನಮ್ಮ ಕೋರ್ಟಿನಲ್ಲಿ ಇಲ್ಲ ಮಾರಾಯ. ಬಂದು ಕೂತು ನೋಡು," ಅಂದಳು.

ವಿಚಾರಣೆ ನಡೆಯುವ ಕೋರ್ಟು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಮೊಬೈಲ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತರೆ ಯಾರೂ ಏನೂ ಕೇಳುವುದಿಲ್ಲ. ಒಂದು ತಿಂಗಳು ಮಂಗಳೂರಿನ ಕೋರ್ಟು ಇರುವ ಕೊಡಿಯಾಲ್‌ಬೈಲಿಗೆ ಹೋದೆ.

ಮೂರನೇ ದಿನ ಒಬ್ಬ ವಯಸ್ಸಾದ ಸಾಕ್ಷಿ ಕಟಕಟೆ ಹತ್ತಿದರು. ವಕೀಲರ ಪ್ರಶ್ನೆ ಕನ್ನಡದಲ್ಲಿ, ಅವರ ಉತ್ತರ ತುಳುವಿನಲ್ಲಿ: "ಎಂಕ್ ಗೊತ್ತುಜ್ಜಿ." ಜಡ್ಜ್ ಟೈಪಿಸ್ಟ್ ಕಡೆ ತಿರುಗಿ ಅದನ್ನು ಕನ್ನಡದಲ್ಲಿ "ನನಗೆ ಗೊತ್ತಿಲ್ಲ" ಅಂತ ಬರೆಸಿದರು. ಕೀಬೋರ್ಡ್ ಸದ್ದು. ಅದು ನಿಂತ ಮೇಲೆಯೇ ಮುಂದಿನ ಪ್ರಶ್ನೆ. ವಕೀಲರು ದನಿ ಏರಿಸಿ "ನೀವು ಸುಳ್ಳು ಸಾಕ್ಷಿ ಹೇಳ್ತಿದ್ದೀರಿ" ಅಂದರೂ ದಾಖಲೆಗೆ ಹೋಗುವುದು "ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ" ಅನ್ನುವ ತಣ್ಣಗಿನ ಸಾಲು. ನನ್ನ ಕರಡಿನಲ್ಲಿ ಪಾಟಿ ಸವಾಲು ಪಟಪಟ ಓಡುತ್ತಿತ್ತು. ಇಲ್ಲಿ ಪ್ರತಿ ಉತ್ತರದ ನಂತರ ಇಡೀ ಹಾಲ್ ಕಾಯುತ್ತದೆ. ಆ ಕಾಯುವಿಕೆಯಲ್ಲಿ ಸಾಕ್ಷಿಯ ಬೆರಳು ಕಟಕಟೆಯ ಮರವನ್ನು ಉಜ್ಜುತ್ತಿರುತ್ತದೆ. ನನಗೆ ಬೇಕಾಗಿದ್ದ ಸಸ್ಪೆನ್ಸ್ ಅದೇ.

ದೊಡ್ಡ ತಪ್ಪು ಕಥೆಯಲ್ಲೇ ಇತ್ತು. ಟ್ರ್ಯಾಪ್ ಕೇಸಿನಲ್ಲಿ, ಅಂದರೆ ಲಂಚ ತಗೊಳ್ಳುವಾಗಲೇ ಬಲೆ ಬೀಸಿ ಹಿಡಿದ ಕೇಸಿನಲ್ಲಿ, ದೂರುದಾರನ ಪರ ವಾದಿಸುವವರು ಸರ್ಕಾರಿ ಅಭಿಯೋಜಕರು (ಸರ್ಕಾರದ ವಕೀಲರು). ಖಾಸಗಿ ವಕೀಲರು ಪಕ್ಕದಲ್ಲಿ ಕೂತು ನೆರವಾಗಬಹುದು, ಅಷ್ಟೇ. ನನ್ನ ನಾಯಕಿಗೆ ಅಲ್ಲಿ ಕೆಲಸವೇ ಇರಲಿಲ್ಲ! ಎರಡು ದಿನ ಏನೂ ಬರೆಯಲಾಗಲಿಲ್ಲ. ಕೊನೆಗೆ ಅವಳನ್ನು ಎದುರು ಬದಿಗೆ ಕಳಿಸಿದೆ. ಲಂಚ ತಗೊಂಡ ಅಧಿಕಾರಿಯ ಪರ ಇರುವ ಸೀನಿಯರ್ ಹತ್ತಿರ ಅವಳು ಜೂನಿಯರ್. ಪಂಚಾಯತಿ ಕೊಡುವ ಮನೆ ಜಾಗದ ದಾಖಲೆ 9/11 ನಮೂನೆಗಾಗಿ ಅಲೆದು ಸುಸ್ತಾಗಿ ದೂರು ಕೊಟ್ಟ ಅಜ್ಜನನ್ನು ಪಾಟಿ ಸವಾಲು ಮಾಡಬೇಕಾದವಳು ಅವಳೇ. ಕಥೆಗೆ ಜೀವ ಬಂದಿದ್ದು ಆಗ.

ಟ್ರ್ಯಾಪ್ ಅಂದರೆ ಎಲ್ಲರಿಗೂ ನೆನಪಾಗುವುದು ಗುಲಾಬಿ ನೀರು. ನೋಟಿಗೆ ಫಿನಾಫ್ತಲೀನ್ ಪುಡಿ ಸವರಿರುತ್ತಾರೆ. ಅದನ್ನು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಆಗುತ್ತದೆ. ನಾನು ಅದನ್ನೇ ಕ್ಲೈಮ್ಯಾಕ್ಸ್ ಮಾಡಿದ್ದೆ. "ಕೇಸ್ ಶುರುವಾಗುವುದೇ ಅಲ್ಲಿಂದ," ಅಂದಳು ಗೆಳತಿ. ಹಣ ಸಿಕ್ಕಿದರೆ ಸಾಲದು, ಅಧಿಕಾರಿ ಅದನ್ನು ಕೇಳಿದ್ದೂ ಸಾಬೀತಾಗಬೇಕು. 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಗುಲಾಬಿ ನೀರನ್ನು ಸಿನಿಮಾದ ಮೊದಲ ಹತ್ತು ನಿಮಿಷಕ್ಕೆ ತಂದೆ.

ಕ್ಲೈಮ್ಯಾಕ್ಸ್ ಸಿಕ್ಕಿದ್ದು 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಲ್ಲಿ. ಈಗ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಅಪ್ಪನೂ ಒಮ್ಮೆ ಒಂದು ಕಾಗದಕ್ಕಾಗಿ ಲಂಚ ಕೊಟ್ಟು ಬಂದಿದ್ದರು. ಬಸ್ಸಿನಲ್ಲಿ ಮನೆವರೆಗೂ ಮಾತಾಡಲಿಲ್ಲ. ದೂರು ಕೊಡುವುದಿರಲಿ, ಅಮ್ಮನಿಗೆ ಹೇಳಲೇ ಅವರಿಗೆ ತಿಂಗಳು ಹಿಡಿಯಿತು. ನನ್ನ ಕಥೆಯ ಅಜ್ಜನೂ ಟ್ರ್ಯಾಪ್‌ಗೆ ಮೊದಲೇ ಒಂದು ಕಂತು ಕೊಟ್ಟಿದ್ದಾನೆ. ಎಂದು ಕೊಟ್ಟಿದ್ದು? ಆ ಒಂದು ಪ್ರಶ್ನೆ ಕೇಳಿದರೆ ಅಜ್ಜನೇ ಸಿಕ್ಕಿಬೀಳಬಹುದು.

ನಾಯಕಿ ಆ ಪ್ರಶ್ನೆ ಕೇಳದೆ ಸುಮ್ನೆ ಕೂತುಬಿಡುವ ಹಾಗೆ ಬರೆದಿದ್ದೆ. ಗೆಳತಿ ಒಪ್ಪಲಿಲ್ಲ. "ವಕಾಲತ್ತು ಹಾಕಿದ ಮೇಲೆ ಕಕ್ಷಿದಾರನಿಗೆ ಮೋಸ ಮಾಡಿದರೆ ಅದೂ ಭ್ರಷ್ಟಾಚಾರವೇ ಅಲ್ವಾ?" ಅಂದಳು. ಅವಳು ಹೇಳಿದ್ದು ಸರಿ ಅನಿಸಿತು. ಮತ್ತೆ ಬರೆದೆ. ಈಗ ನಾಯಕಿ ಪ್ರಶ್ನೆ ಕೇಳುತ್ತಾಳೆ. ಅಜ್ಜ ತುಂಬಾ ಹೊತ್ತು ಯೋಚಿಸಿ ಹೇಳುತ್ತಾನೆ: "ತಾರೀಕು ನೆನಪಿಲ್ಲಮ್ಮ. ಮಗಳ ಬಳೆ ಸೊಸೈಟಿಯಲ್ಲಿ ಅಡವಿಟ್ಟ ದಿನ ಅದು."

ಜಡ್ಜ್ ಟೈಪಿಸ್ಟ್ ಕಡೆ ತಿರುಗಿ ಅದನ್ನೇ ಹೇಳುತ್ತಾರೆ. ಅಡವಿಟ್ಟ ರಶೀದಿಯಲ್ಲಿ ತಾರೀಕು ಇರುತ್ತದೆ ಅನ್ನುವುದು ಹಾಲ್‌ನಲ್ಲಿರುವ ಎಲ್ಲರಿಗೂ ಗೊತ್ತು. ಕೀಬೋರ್ಡ್ ನಿಲ್ಲುವವರೆಗೆ ನಾಯಕಿ ನಿಂತೇ ಇರುತ್ತಾಳೆ. ಅಲ್ಲಿ ಹಿನ್ನೆಲೆ ಸಂಗೀತ ಬೇಡ ಅಂದೆ. ನಿರ್ದೇಶಕರು ಒಪ್ಪಿದರು.