ನೆರಳು ಮೊದಲು ಯಾರಿಗೆ? ವಾರ್ಡಿಗೊಂದು ಹಸಿರು ಯೋಜನೆ ಹೀಗೆ ಮಾಡಿ

ಹಿಂದೆ ಗುಡ್ಡ, ಮುಂದೆ ಸಮುದ್ರ, ಪಕ್ಕದಲ್ಲಿ ಕಾಳಿ ನದಿ. ಕಾರವಾರಕ್ಕೆ ಹಸಿರು ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಆದರೆ ಏಪ್ರಿಲ್ ಮಧ್ಯಾಹ್ನ ರಸ್ತೆ ಬದಿ ಮೀನು ಮಾರುವ ಹೆಂಗಸಿಗೆ ಗುಡ್ಡದ ಕಾಡು ನೆರಳು ಕೊಡುವುದಿಲ್ಲ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಅದಕ್ಕೇ ನೆರಳು ಎಲ್ಲಿ ಬೇಕು ಅನ್ನುವುದನ್ನು ಬಿಸಿಲಲ್ಲಿ ನಿಲ್ಲುವವರನ್ನು ನೋಡಿ ತೀರ್ಮಾನಿಸಬೇಕು.

ಮೊದಲ ಕೆಲಸ, ವಾರ್ಡಿನ ನಕ್ಷೆ. ಕೈಯಲ್ಲಿ ಬರೆದದ್ದಾದರೂ ಸಾಕು. ಅದನ್ನು ಹಿಡಿದು ಮಧ್ಯಾಹ್ನ 12ರಿಂದ 3ರ ಒಳಗೆ ಸುತ್ತಾಡಿ. ಬಸ್ ಸ್ಟಾಪ್, ರಿಕ್ಷಾ ಸ್ಟ್ಯಾಂಡ್, ಅಂಗನವಾಡಿ, ರೇಷನ್ ಅಂಗಡಿಯ ಸಾಲು, ಸಂತೆ ಕೂರುವ ಜಾಗ, ಇವುಗಳಲ್ಲಿ ನೆರಳಿಲ್ಲದವನ್ನು ಗುರುತು ಹಾಕಿ. ತಗಡಿನ ಮಾಡಿನ ಮನೆಗಳು ಒತ್ತಾಗಿರುವ ಕೇರಿಗಳನ್ನೂ ಗುರುತಿಸಿ. ಅಲ್ಲಿ ಹಗಲಿನ ಕಾವು ಹೆಚ್ಚು, ಅಂಗಳ ಕಡಿಮೆ.

ಅಳೆಯಲು ಒಂದು ಸುಲಭ ಲೆಕ್ಕವಿದೆ. ನೆದರ್ಲೆಂಡ್ಸ್‌ನ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಹೇಳಿದ 3-30-300 ಸೂತ್ರ. ಪ್ರತಿ ಮನೆಯಿಂದ ಕನಿಷ್ಠ 3 ಮರ ಕಾಣಬೇಕು, ಬಡಾವಣೆಯ ನೂರಕ್ಕೆ 30 ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರ್ ಒಳಗೆ ಪಾರ್ಕ್ ಸಿಗಬೇಕು. ನಿಮ್ಮ ವಾರ್ಡಿನ ಕೇರಿ ಕೇರಿಗೂ ಇದನ್ನು ಹಾಕಿ ನೋಡಿ. ಇಡೀ ಊರಿನ ಸರಾಸರಿ ತೆಗೆದರೆ ಬಂಗಲೆಗಳ ಬೀದಿಯ ಮರಗಳು ಬಡವರ ಕೇರಿಯ ಬಿಸಿಲನ್ನು ಮುಚ್ಚಿಹಾಕುತ್ತವೆ.

ಎರಡನೆಯ ನಕ್ಷೆ ನೀರಿನದು. ಇದು ಜುಲೈ ಕೆಲಸ. ಇಲ್ಲಿ ಗುಡ್ಡದಿಂದ ಇಳಿದ ನೀರು ಸ್ವಲ್ಪವೇ ದೂರದಲ್ಲಿ ಸಮುದ್ರ ಸೇರಬೇಕು. ಜೋರು ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದರೆ ಗಟಾರದ ನೀರು ಹೊರಹೋಗದೆ ನಿಂತುಬಿಡುತ್ತದೆ. ನೀರು ನಿಲ್ಲುವ ತಗ್ಗು ಜಾಗ, ಹಳೆಯ ಗದ್ದೆ, ಹಳ್ಳದ ಅಂಚು ಎಲ್ಲಿವೆ ಅಂತ ಹಳಬರನ್ನು ಕೇಳಿ ಬರೆದುಕೊಳ್ಳಿ. ಇಂಥ ಜಾಗಕ್ಕೆ ಮಣ್ಣು ತುಂಬಿಸಿ ಎತ್ತರ ಮಾಡುವುದು ದೊಡ್ಡ ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ನೀರು ಪಕ್ಕದ ಮನೆಗೆ ನುಗ್ಗುತ್ತದೆ ಅಷ್ಟೇ. ತಗ್ಗನ್ನು ತಗ್ಗಾಗಿಯೇ ಬಿಡಿ. ಬೇಸಿಗೆಯಲ್ಲಿ ಮಕ್ಕಳು ಆಡಲಿ, ಮಳೆಗಾಲದಲ್ಲಿ ನೀರು ನಿಂತು ಇಂಗಲಿ. ಘಟ್ಟದ ಮೇಲಿನ ಶಿರಸಿಯಲ್ಲಾದರೆ ಈ ಕೆಲಸವನ್ನು ಕೆರೆಗಳ ದಂಡೆಯಿಂದ ಶುರು ಮಾಡಬಹುದು.

ಈಗ ಜನರನ್ನು ಕೇಳುವ ಹಂತ. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಯಾರು ಬರುತ್ತಾರೆ? ದುಡಿಯುವವರಂತೂ ಬರುವುದಿಲ್ಲ, ಅಲ್ವಾ? ಮೀನುಗಾರ ಹೆಂಗಸರ ಬಳಿ ಮಾರುಕಟ್ಟೆ ಮುಗಿದ ಮೇಲೆ ಹೋಗಿ. ಹೂವು, ತರಕಾರಿ ತರುವ ಹಾಲಕ್ಕಿ ಸಮುದಾಯದ ಮಹಿಳೆಯರನ್ನು ಅವರು ಕೂರುವಲ್ಲೇ ಮಾತಾಡಿಸಿ. ಪೌರಕಾರ್ಮಿಕರು, ಗಾಲಿಕುರ್ಚಿ ಬಳಸುವವರು, ಶಾಲೆ ಮಕ್ಕಳು ಯಾರೂ ಬಿಟ್ಟುಹೋಗಬಾರದು. ಕೊಂಕಣಿಯಲ್ಲಿ ಹೇಳಿದ್ದನ್ನೂ ಬರೆದುಕೊಳ್ಳಿ. ಈಗ ಆ ಜಾಗದಲ್ಲಿ ಯಾರು ಏನು ಮಾಡುತ್ತಿದ್ದಾರೆ ಅನ್ನುವುದನ್ನು ತಪ್ಪದೆ ಕೇಳಿ. ಒಬ್ಬರು ಬಲೆ ಹರವುತ್ತಾರೆ, ಇನ್ನೊಬ್ಬರು ಮೀನು ಒಣಗಿಸುತ್ತಾರೆ. ಅವರನ್ನು ಎಬ್ಬಿಸಿ ಮಾಡಿದ ಪಾರ್ಕ್ ನ್ಯಾಯದ ಪಾರ್ಕ್ ಅಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ, ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ನಿಮ್ಮ ಯೋಜನೆಯನ್ನು ಆ ಸಮಿತಿಯ ಮುಂದೆ ಇಡಿ.

ಗಿಡದ ಆಯ್ಕೆ. ಹುಲ್ಲುಹಾಸು ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ನೀರು ಕುಡಿಯುತ್ತದೆ, ನೆರಳು ಕೊಡುವುದಿಲ್ಲ. ಗುಲ್‌ಮೊಹರ್ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಉಪ್ಪುಗಾಳಿ ತಡೆಯುವ ಸುರಹೊನ್ನೆ, ಹೊಂಗೆ ಕಡಲ ಹತ್ತಿರಕ್ಕೆ ಒಳ್ಳೆಯವು. ಒಳಗಿನ ಬೀದಿಗಳಿಗೆ ರಂಜಲು, ನೇರಳೆ. ಸಮುದ್ರದ ಕಡೆ ಮಾತ್ರ ಗಿಡಗಳನ್ನು ಗೋಡೆಯಂತೆ ಒತ್ತಾಗಿ ನೆಡಬೇಡಿ, ಸಂಜೆಯ ಗಾಳಿ ಒಳಗಿನ ಕೇರಿಗಳಿಗೂ ಹೋಗಬೇಕು. ಎತ್ತರಕ್ಕೆ ಬೆಳೆದು ಕೆಳಗೆ ಬಿಡುವು ಬಿಡುವ ಮರಗಳು ಬೇಕು. ನದಿ ಕಡಲು ಸೇರುವ ಅಳಿವೆಯಲ್ಲಿ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ನೆಡುವುದಾದರೆ ಬಳಚು (ಚಿಪ್ಪುಮೀನು) ಆರಿಸುವವರ ಜಾಗ ಬಿಟ್ಟು ನೆಡಿ. ಸಸಿಯ ಬೇರು ಎಷ್ಟು ಮುಖ್ಯವೋ ಬೀಜವೂ ಅಷ್ಟೇ ಮುಖ್ಯ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದವರು, ಪದ್ಮಶ್ರೀ ಪಡೆದವರು. ಒಳ್ಳೆಯ ತಾಯಿಮರ ಗುರುತಿಸಿ ಬೀಜ ತರುವುದರಲ್ಲಿ ಅವರ ಕಣ್ಣು ಪಳಗಿತ್ತು. ಆ ತಿಳಿವಳಿಕೆ ಇರುವ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೂಲಿ ಕೊಟ್ಟು ಕರೆಯಿರಿ, ಸುಮ್ನೆ ಸನ್ಮಾನ ಮಾಡಿ ಕಳಿಸಬೇಡಿ.

ಪಾರ್ಕ್ ಕಟ್ಟುವಾಗ ಕೆಲವು ಚಿಕ್ಕ ವಿಷಯಗಳು. ಗಾಲಿಕುರ್ಚಿಯ ಇಳಿಜಾರು ದಾರಿ 1:12ಕ್ಕಿಂತ (12 ಅಡಿ ಉದ್ದಕ್ಕೆ 1 ಅಡಿ ಏರು) ಕಡಿದಾಗಿರಬಾರದು. ಕುಡಿಯುವ ನೀರು, ಶೌಚಾಲಯ, ರಾತ್ರಿ ದೀಪ ಬೇಕು. ಮರದ ಬುಡಕ್ಕೆ ಸಿಮೆಂಟ್ ಹಾಕಬೇಡಿ. ಟಿಕೆಟ್ ಬೇಡ. ಮಧ್ಯಾಹ್ನ ಗೇಟಿಗೆ ಬೀಗ ಬೇಡ, ನೆರಳು ಬೇಕಾಗುವುದೇ ಆಗ. ಕಡಲತೀರಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ, ಕಡಿಯುವ ಮರಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅನುಮತಿ ಮೊದಲು, ಕೆಲಸ ಆಮೇಲೆ.

ಕೊನೆಗೆ ದುಡ್ಡು. ನಗರಸಭೆಯ ಬಜೆಟ್‌ಗೆ ಮುಂಚಿನ ಸಭೆಗೆ ಎರಡೂ ನಕ್ಷೆಗಳನ್ನು ಒಯ್ದು, ನೆರಳು ತೀರಾ ಕಡಿಮೆ ಇರುವ ಕೇರಿಯ ಹೆಸರನ್ನು ಮೊದಲು ಬರೆಸಿ. ನೆಡುವ ಖರ್ಚಿನ ಜೊತೆ ಮೂರು ವರ್ಷದ ನೀರು, ಬೇಲಿ, ಕೂಲಿಯ ಖರ್ಚನ್ನೂ ಅದೇ ಸಾಲಿನಲ್ಲಿ ಸೇರಿಸಿ. ಆ ಕೂಲಿ ಅದೇ ಕೇರಿಯ ಸ್ವಸಹಾಯ ಸಂಘಕ್ಕೆ ಹೋಗಲಿ. ಜೂನ್‌ನಲ್ಲಿ ನೆಟ್ಟವುಗಳಲ್ಲಿ ಎಷ್ಟು ಉಳಿದಿವೆ ಅಂತ ಮುಂದಿನ ಮೇ ತಿಂಗಳಲ್ಲಿ ಎಣಿಸಿ, ಲೆಕ್ಕವನ್ನು ವಾರ್ಡಿನ ಬೋರ್ಡಿನಲ್ಲಿ ಹಾಕಿ.