ಕ್ಯಾಂಪಿಗೆ ಬುತ್ತಿ ಕಟ್ಟಿಕೊಂಡು ಹೊರಡುವ ಮುಂಚೆ

ಬೆಳಗಾವಿಗೆ ಹೊಸದಾಗಿ ಬಂದ ಮನೆಯವರಿಗೆ ನಮ್ಮ ಕನ್ನಡ ಸಂಘದ ಮಾರ್ಗದರ್ಶಿ: ಮಿಲಿಟರಿ ಜಾಗದಲ್ಲಿ, ಸಮುದ್ರದ ದಂಡೆಯಲ್ಲಿ ಪಿಕ್ನಿಕ್

ಬಾಡಿಗೆ ಮನೆ, ಗ್ಯಾಸ್ ಸಿಲಿಂಡರ್, ಮಕ್ಕಳ ಶಾಲೆ, ಇವುಗಳ ಬಗ್ಗೆ ಬೇರೆಯಾಗಿ ಬರೆದಿದ್ದೇವೆ. ಇದು ಭಾನುವಾರಕ್ಕಾಗಿ. ಸಾಮಾನು ಇಳಿಸಿ ಎರಡು ವಾರ ಆಗುವಷ್ಟರಲ್ಲಿ ಮಕ್ಕಳು "ಎಲ್ಲಿಗರ ಹೋಗೂಣು" ಅಂತ ಶುರು ಮಾಡಿರುತ್ತವೆ, ಅಲ್ವಾ? ಆಗ ಪಕ್ಕದ ಮನೆಯವರು ಹೇಳುವ ಮೊದಲ ಹೆಸರು ಕ್ಯಾಂಪ್, ಅಂದರೆ ಊರಿನ ಮಿಲಿಟರಿ ಪ್ರದೇಶ.

ನಾವು ವಿಜಯಪುರ ಕಡೆಯವರು. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಬೇವಿನ ಮರದ ನೆರಳು ಕಂಡಲ್ಲಿ ಕೂಡುತ್ತೇವೆ. ಯಾರ ಹೊಲ ಅಂತ ಯಾರೂ ಕೇಳುವುದಿಲ್ಲ, ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತೇವೆ. ಅದೇ ರೂಢಿಯಲ್ಲಿ ಕ್ಯಾಂಪಿಗೆ ಬಂದೆವು. ದೊಡ್ಡ ಮರಗಳು, ಗುಡಿಸಿಟ್ಟ ರಸ್ತೆ, ಸುಣ್ಣ ಬಳಿದ ಕಲ್ಲುಗಳು, ಆಚೆಗೆ ಹಸಿರು ಬಯಲು. ಚಾದರ ಹಾಸಿ, ರೊಟ್ಟಿ ಬಿಚ್ಚಿ ಕೂತೇ ಬಿಟ್ಟೆವು. ಅದು ಜವಾನರ ತರಬೇತಿಯ ಬಯಲು ಅಂತ ನಮಗೆ ಗೊತ್ತಿರಲಿಲ್ಲ. ಅರ್ಧ ಊಟದಲ್ಲಿ ಎಬ್ಬಿಸಿದರು.

ಇದು ಎಂಥ ಜಾಗ

ಇವತ್ತು ನಮ್ಮ ರಾಜ್ಯದಲ್ಲಿ ಕಂಟೋನ್ಮೆಂಟ್ ಬೋರ್ಡ್ (ಮಿಲಿಟರಿ ಪ್ರದೇಶದ ಸ್ಥಳೀಯ ಆಡಳಿತ) ಇರುವ ಊರು ಬೆಳಗಾವಿ ಒಂದೇ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಇಲ್ಲೇ ಇದೆ. ಆ ದಳದ ಮೂಲ 1768ರಷ್ಟು ಹಿಂದಕ್ಕೆ ಹೋಗುತ್ತದೆ. ಜೂನಿಯರ್ ಲೀಡರ್ಸ್ ವಿಂಗ್ ಅನ್ನುವ ಸೇನೆಯ ತರಬೇತಿ ಶಾಲೆ, ಕಮಾಂಡೋ ತರಬೇತಿ ಇಲ್ಲಿವೆ. ವಿಮಾನ ನಿಲ್ದಾಣದ ಕಡೆ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಹೆಸರು ಮರಾಠಾ ಅಂತಿದ್ದರೂ ಆ ದಳದಲ್ಲಿ ನಮ್ಮ ಕನ್ನಡದ ಹುಡುಗರೂ ಇದ್ದಾರೆ. ಬೆಳಗಿನ ಜಾವ ತಲೆ ಬೋಳಿಸಿಕೊಂಡ ಹುಡುಗರು ಸಾಲಾಗಿ ಓಡುವುದನ್ನು ನೋಡುತ್ತೀರಿ. ಹದಿನೆಂಟು, ಇಪ್ಪತ್ತರ ವಯಸ್ಸು. ಅವರ ಸಾಲಿನ ನಡುವೆ ಸ್ಕೂಟರ್ ತೂರಿಸಬೇಡಿ. ಹಾರ್ನ್ ಹೊಡೆಯಬೇಡಿ. ಎರಡು ನಿಮಿಷ ನಿಂತರೆ ನಮಗೇನೂ ಆಗುವುದಿಲ್ಲ.

ಗೇಟು, ಗುರುತಿನ ಚೀಟಿ, ಫೋಟೋ

ಇದನ್ನು ಮನೆಯಲ್ಲಿ ಎಲ್ಲರೂ ಓದಿ. ಅತ್ತೆ ಮಾವನವರಿಗೂ ಓದಿ ಹೇಳಿ.

ಊರಿಂದ ಊರಿಗೆ ಹೋಗುವ ರಸ್ತೆಗಳು ಕ್ಯಾಂಪಿನ ಒಳಗೇ ಹಾದು ಹೋಗುತ್ತವೆ. ಹಾಗಾಗಿ ಎಲ್ಲಾ ರಸ್ತೆಯೂ ನಮ್ಮದೇ ಅನ್ನಿಸುತ್ತದೆ. ಹಾಗಲ್ಲ. ಎಲ್ಲಿ ಗೇಟಿದೆ, ಕಾವಲಿದ್ದಾರೆ, ಬೋರ್ಡ್ ಇದೆ, ಅಲ್ಲಿಂದ ಮುಂದೆ ಕೇಳಿಯೇ ಹೋಗಬೇಕು. ನಿನ್ನೆ ಬಿಟ್ಟಿದ್ದರು, ಇವತ್ತು ಯಾಕೆ ಬಿಡುವುದಿಲ್ಲ ಅಂತ ಜಗಳಕ್ಕೆ ನಿಲ್ಲಬೇಡಿ. ಅವರಿಗೆ ಬಂದ ಆದೇಶ ದಿನಕ್ಕೊಂದು ಇರಬಹುದು. ದೊಡ್ಡವರೆಲ್ಲರ ಆಧಾರ್ ಕಾರ್ಡ್ ಕೈಯಲ್ಲಿರಲಿ. ಮೊಬೈಲಿನಲ್ಲಿದೆ ಅಂದರೆ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ಗಾಡಿ ಕಾಗದವೂ ಇರಲಿ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುತ್ತಿದ್ದರೆ ಅವರ ಕಾರ್ಡನ್ನು ಮನೆ ಬಿಡುವ ಮುಂಚೆಯೇ ಕೇಳಿ. ನಮ್ಮ ಕಾಕಾ ಒಬ್ಬರು ಕಾರ್ಡನ್ನು ತಮ್ಮ ಊರು ಇಂಡಿಯಲ್ಲೇ ಬಿಟ್ಟು ಬಂದಿದ್ದರು. ಅವರೊಬ್ಬರನ್ನೇ ಹೊರಗೆ ಕೂಡಿಸಿ ನಾವು ಒಳಗೆ ಹೋಗಲು ಮನಸ್ಸು ಬರಲಿಲ್ಲ. ಎಲ್ಲರೂ ಮನೆಗೆ ತಿರುಗಿ ಬಂದೆವು.

ಇನ್ನು ಫೋಟೋ. ಬಂದ ವರ್ಷವೇ ನಾನು ಮಾಡಿದ ತಪ್ಪು ಇದು. ಒಂದು ಗೇಟಿನ ಮುಂದೆ ಹಳೆಯ ಫಿರಂಗಿ ಇತ್ತು. ಮಗನನ್ನು ಅದರ ಪಕ್ಕ ನಿಲ್ಲಿಸಿ ನಾಲ್ಕು ಫೋಟೋ ತೆಗೆದೆ. ಗೇಟು, ಕಾವಲುಗಾರ, ಹಿಂದಿನ ಕಟ್ಟಡ ಎಲ್ಲಾ ಬಂದಿತ್ತು. ಜವಾನ ಬಂದು ಫೋನ್ ಕೇಳಿದ. ಒಂದೊಂದೇ ಫೋಟೋ ಸರಿಸಿ ನೋಡಿದ. ನನ್ನ ಅವ್ವನ ಫೋಟೋ ಬಂದಾಗ ಬೆರಳು ಒಂದು ಕ್ಷಣ ನಿಂತಿತು, ಮುಂದೆ ಸರಿಯಿತು. ನಾಲ್ಕನ್ನೂ ಅಳಿಸಿದ. ಅಳಿಸಿದ್ದು ಉಳಿಯುವ ಫೋಲ್ಡರಿನಿಂದಲೂ ತೆಗೆದ. ನಮ್ಮ ಹೆಸರು, ವಿಳಾಸ ಬರೆದುಕೊಂಡರು. ಸುಮಾರು ಒಂದು ತಾಸು ಬಿಸಿಲಲ್ಲಿ ಬೆಂಚಿನ ಮೇಲೆ ಕೂತೆವು. ಅಪ್ಪನನ್ನು ಹಿಡಿದುಕೊಂಡು ಹೋಗುತ್ತಾರೆ ಅಂತ ಮಗ ನನ್ನ ಸೆರಗು ಬಿಡಲಿಲ್ಲ. ಅಷ್ಟು ಹೊತ್ತೂ ಹಿಂದಿಯಲ್ಲಿ ಮಾತಾಡುತ್ತಿದ್ದ ಆ ಜವಾನ ನಾವು ಏಳುವಾಗ ಮೆಲ್ಲಗೆ ಹೇಳಿದ: "ಅಕ್ಕಾರ, ಬೋರ್ಡ್ ನೋಡಿ ಬರ್ರಿ. ನಾವೂ ಸುಮ್ನ ಬಿಡಾಕ ಬರಂಗಿಲ್ಲ." ಜಮಖಂಡಿ ಕಡೆಯ ಹುಡುಗ. ಅವತ್ತು ನನಗೆ ಅಳು ಬಂದದ್ದು ಆಗ.

ಅವನದು ಏನೂ ತಪ್ಪಿರಲಿಲ್ಲ. 1923ರ ಸರ್ಕಾರಿ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಸೇನೆಯ ಜಾಗಗಳು ಅದರಲ್ಲಿ ನಿಷೇಧಿತ ಸ್ಥಳ ಅನ್ನಿಸಿಕೊಳ್ಳುತ್ತವೆ. ಆದ್ದರಿಂದ ಗೇಟು, ಕಾವಲು ಗೋಪುರ, ಗಾಡಿಗಳ ಸಾಲು, ಆಂಟೆನಾ, ತರಬೇತಿಯ ಹುಡುಗರು, ಇವು ಯಾವುವೂ ಫೋಟೋದಲ್ಲಿ ಬೇಡ. ಸೆಲ್ಫಿಯ ಹಿಂದೆ ಕೂಡ ಬೇಡ. ಓಡಾಡುತ್ತಾ ವಿಡಿಯೋ ಮಾಡುವ ಮಕ್ಕಳ ಫೋನನ್ನು ನೀವೇ ಇಟ್ಟುಕೊಳ್ಳಿ. ಯಾರೋ ಮದುವೆಯ ಮುಂಚಿನ ಫೋಟೋಕ್ಕೆ ಡ್ರೋನ್ ತರುತ್ತೇವೆ ಅಂದರೆ ಕೈ ಮುಗಿದು ಬೇಡ ಅನ್ನಿ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ (ಡ್ರೋನ್ ಹಾರಾಟಕ್ಕೆ ನಿರ್ಬಂಧ ಇರುವ ಜಾಗ) ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಕೆಂಪು ಬಾವುಟ ಕಂಡರೆ ಅಲ್ಲಿ ಗುಂಡು ಹೊಡೆಯುವ ಅಭ್ಯಾಸ ನಡೆದಿದೆ ಅಂತ ಅರ್ಥ. ಅಲ್ಲಿಂದಲೇ ತಿರುಗಿ. ಹಿತ್ತಾಳೆಯ ಕೊಳವೆ, ಕಬ್ಬಿಣದ ಉಂಡೆ, ಗುರುತು ಸಿಗದ ಯಾವ ವಸ್ತು ಬಿದ್ದಿದ್ದರೂ ಮಕ್ಕಳು ಮುಟ್ಟಬಾರದು. ಕಂಡರೆ ದೂರ ನಿಂತು ಕಾವಲಿನವರಿಗೆ ಹೇಳಿ, ಇಲ್ಲವೇ 112ಕ್ಕೆ ಕರೆ ಮಾಡಿ. ಮನೆಗೆ ತಂದು ಶೋಕೇಸಿನಲ್ಲಿ ಇಟ್ಟವರನ್ನು ನಾವು ನೋಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಾದರೆ ಎಲ್ಲಿ ಕೂಡಬೇಕು

ಮಿಲಿಟರಿ ಮಹಾದೇವ ಗುಡಿ. ಸಣ್ಣ ಮಕ್ಕಳಿರುವವರಿಗೆ ಮೊದಲು ಇದೇ. ತೋಟ ಇದೆ. ಅದು ಗುಡಿ ಅನ್ನುವುದು ನೆನಪಿರಲಿ, ತತ್ತಿ, ಮಾಂಸದ ಬುತ್ತಿ ಬೇಡ.

ಕೋಟೆ ಕೆರೆ. ಸಂಜೆಗೆ ಚಲೋ. ದಂಡೆಯ ಮೇಲೆ 110 ಮೀಟರ್ ಎತ್ತರದ ಧ್ವಜಸ್ತಂಭ ಇದೆ. ನೀರಿಗೆ ಇಳಿಯಬೇಡಿ.

ಕೋಟೆಯ ಒಳಗೆ. ಇಲ್ಲಿಗೆ ಮಕ್ಕಳನ್ನು ಒಮ್ಮೆಯಾದರೂ ಕರೆದೊಯ್ಯಲೇಬೇಕು. ಒಳಗೆ ಸೇನೆಯ ಕಚೇರಿ, ಮನೆಗಳೂ ಇವೆ, ಆದ್ದರಿಂದ ಮೇಲೆ ಹೇಳಿದ್ದೆಲ್ಲಾ ಇಲ್ಲಿಗೂ ಸೇರಿತು. ಬಾಗಿಲ ಹತ್ತಿರ ದುರ್ಗಾ ಗುಡಿ, ಒಳಗೆ ಸಫಾ ಮಸೀದಿ, ರಾಮಕೃಷ್ಣ ಆಶ್ರಮ. ಕಮಲ ಬಸದಿಯನ್ನು ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ನಡುಮನೆಯಲ್ಲಿ ನಿಂತು ತಲೆ ಎತ್ತಿ ನೋಡಿ, ಕಲ್ಲಿನ ಕಮಲ ಕೆಳಮುಖವಾಗಿ ಅರಳಿ ನಿಂತಿದೆ. ಈ ಕೋಟೆಯ ಎರಡು ಕನ್ನಡ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬೆಳಗಾವಿಯಲ್ಲಿ ಕನ್ನಡ ಎಲ್ಲಿತ್ತು ಅಂತ ಯಾರಾದರೂ ನಿಮ್ಮ ಮಗುವನ್ನು ಕೇಳಿದರೆ, ಅದು ಬಸದಿಯ ಕಡೆ ಬೆರಳು ತೋರಿಸುವಂತಿರಬೇಕು. ಕ್ಯಾಂಪಿನ ಅಂಗಡಿಗಳಲ್ಲೂ ಮೊದಲು ಕನ್ನಡದಲ್ಲೇ ಮಾತಾಡಿ. ಅವರಿಗೆ ಬರುತ್ತದೆ. ನಾವೇ ಮೊದಲು ಹಿಂದಿ ಶುರು ಮಾಡಿ ಕೆಡಿಸುತ್ತೇವೆ.

ಬುತ್ತಿ

ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮಾದಲಿ. ನಿಮಗೆ ಹೇಳಿಕೊಡಬೇಕಿಲ್ಲ. ಒಲೆ, ಸಣ್ಣ ಸಿಲಿಂಡರ್ ಮಾತ್ರ ತರಬೇಡಿ. ಬೆಂಕಿ ಎಲ್ಲೂ ಹಚ್ಚುವಂತಿಲ್ಲ. ಸ್ಟೀಲ್ ತಾಟು ತನ್ನಿ. ಕಾಗದದ ತಾಟು ಗಾಳಿಗೆ ಹಾರಿ ಬಯಲು ತುಂಬುತ್ತದೆ, ಹೋದ ವರ್ಷ ನಮ್ಮ ಸಂಘದ ಪಿಕ್ನಿಕ್ಕಿನಲ್ಲೇ ಹೀಗಾಗಿ ತಲೆ ತಗ್ಗಿಸಬೇಕಾಯಿತು. ಉಳಿದದ್ದನ್ನು, ಕಸವನ್ನು ಚೀಲದಲ್ಲಿ ಕಟ್ಟಿ ಮನೆಗೇ ತನ್ನಿ. ಎಲೆ ಅಡಿಕೆ ಹಾಕುವ ಹಿರಿಯರಿಗೆ ಒಂದು ಡಬ್ಬಿ ಕೊಡಿ. ಸುಣ್ಣ ಬಳಿದ ಆ ಕಲ್ಲುಗಳ ಮೇಲೆ ಉಗುಳಿದರೆ ಅದನ್ನು ತೊಳೆಯುವವನು ಯಾರದೋ ಮನೆಯ ಮಗ.

ಸಮುದ್ರವೇ ಬೇಕು ಅನ್ನುವವರಿಗೆ: ಕಾರವಾರ

ದೀಪಾವಳಿ ರಜೆ ಬಂದರೆ ಬೆಳಗಾವಿಯ ಅರ್ಧ ಮಂದಿ ಗೋವಾಕ್ಕೆ ಹೋಗುತ್ತಾರೆ. ನಮ್ಮದೇ ಸಮುದ್ರ ಇದೆ, ಕಾರವಾರಕ್ಕೆ ಹೋಗಿ. ಖಾನಾಪುರ, ರಾಮನಗರ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಘಟ್ಟದಲ್ಲಿ ಮಣ್ಣು ಕುಸಿಯುತ್ತದೆ, ವಿಚಾರಿಸಿ ಹೊರಡಿ.

ಊರಲ್ಲೇ ಇರುವ ಟಾಗೋರ್ ಕಡಲತೀರ ಎಲ್ಲರಿಗೂ ತೆರೆದದ್ದು. ಅಲ್ಲೇ ಐಎನ್‌ಎಸ್ ಚಪಲ್ ಅನ್ನುವ ಕ್ಷಿಪಣಿ ಹಡಗನ್ನು ದಂಡೆಗೆ ತಂದು ವಸ್ತು ಸಂಗ್ರಹಾಲಯ ಮಾಡಿದ್ದಾರೆ. ಮಕ್ಕಳಿಗೆ ಹಡಗಿನ ಹೊಟ್ಟೆಯೊಳಗೆ ನಡೆದಾಡುವ ಖುಷಿ.

ಹೆದ್ದಾರಿ 66ರಲ್ಲಿ ಅಂಕೋಲಾ ಕಡೆ ಹೊರಟರೆ ಅರಗಾದ ಹತ್ತಿರ ಉದ್ದದ ಗೋಡೆ ಶುರುವಾಗುತ್ತದೆ. ಅದು ನೌಕಾನೆಲೆ. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಅಂತ ಹೆಸರಿಟ್ಟು ಸೇವೆಗೆ ಸೇರಿಸಿದರು. ಬನವಾಸಿಯ ಕದಂಬರ ಹೆಸರು ಅದು, ಮಕ್ಕಳಿಗೆ ಹೇಳಿ. ಆ ನೆಲೆಗಾಗಿ ಊರೂರೇ ಮನೆ, ದಂಡೆ ಬಿಟ್ಟು ಎದ್ದು ಹೋದವು. ನಿಮ್ಮಲ್ಲಿ ಬಾಗಲಕೋಟೆಯಿಂದ ಬಂದವರಿಗೆ ಅದು ಬೇಗ ಅರ್ಥವಾಗುತ್ತದೆ. ಆಲಮಟ್ಟಿಯ ಮುಳುಗಡೆಯಲ್ಲಿ ಬಿಟ್ಟು ಬಂದ ಮನೆಯ ಹೊಸ್ತಿಲು ನಿಮ್ಮಲ್ಲಿ ಎಷ್ಟೋ ಜನರಿಗೆ ಇನ್ನೂ ಕನಸಿನಲ್ಲಿ ಬರುತ್ತದೆ. ಹಾಗಾಗಿ ಆ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಗದ್ದಲ ಮಾಡಬೇಡಿ.

ಒಳಗಿನ ದಂಡೆ ನೌಕಾಪಡೆಯ ಮನೆಯವರಿಗೆ. ಅಲ್ಲಿ ಕೆಲಸ ಮಾಡುವ ನೆಂಟರು ಕರೆದರೆ ಮಾತ್ರ ಹೋಗಿ. ಎಲ್ಲರ ಹೆಸರು, ಕಾರ್ಡಿನ ನಂಬರು, ಗಾಡಿ ನಂಬರನ್ನು ಮುಂಚೆಯೇ ಅವರಿಗೆ ಕಳಿಸಿ. ಕಡೆಗಳಿಗೆಯಲ್ಲಿ ಇನ್ನಿಬ್ಬರನ್ನು ಕೂಡಿಸಿಕೊಂಡು ಹೋದರೆ ಗೇಟಿನಲ್ಲಿ ತಲೆ ತಗ್ಗಿಸಿ ನಿಲ್ಲುವವರು ಕರೆದವರು. ನಮ್ಮ ಮಂದಿಗೆ "ಒಬ್ಬರು ಜಾಸ್ತಿ ಆದರೆ ಏನಾಗುತ್ತದೆ" ಅನ್ನುವ ಅಭ್ಯಾಸ. ಮದುವೆ ಮನೆಯಲ್ಲಿ ಅದು ಚಂದ, ಇಲ್ಲಿ ನಡೆಯುವುದಿಲ್ಲ.

ನೀರಿನ ಬಗ್ಗೆ. ನಾವು ಬಾವಿಯಲ್ಲಿ, ಕೃಷ್ಣಾ ಹೊಳೆಯಲ್ಲಿ ಈಜು ಕಲಿತವರು. ಹೊಳೆ ಒಂದೇ ಕಡೆ ಹರಿಯುತ್ತದೆ, ಸಮುದ್ರ ಹಾಗಲ್ಲ. ತೆರೆ ದಂಡೆಗೆ ತಂದ ನೀರು ಕಿರಿದಾದ ದಾರಿಯಲ್ಲಿ ಒಳಕ್ಕೆ ಜೋರಾಗಿ ತಿರುಗಿ ಹೋಗುತ್ತದೆ. ಆ ಒಳಸೆಳೆತದ ಜಾಗ ಮೇಲಿಂದ ಶಾಂತವಾಗಿ ಕಾಣುತ್ತದೆ, ಎರಡು ಬದಿ ತೆರೆ ಒಡೆಯುತ್ತಿದ್ದರೂ ನಡುವೆ ಒಡೆಯುವುದಿಲ್ಲ. ಹೊಸಬರು ಇಲ್ಲಿ ನೀರು ಸುಮ್ಮನಿದೆ ಅಂತ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಂಡೆಯ ಕಡೆ ನೇರ ಈಜಬೇಡಿ, ಕೈ ಸೋಲುತ್ತದೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಸಡಿಲಾದ ಮೇಲೆ ದಂಡೆಗೆ ಬನ್ನಿ. ಈಜಲಾಗದಿದ್ದರೆ ಅಂಗಾತ ತೇಲಿ ಕೈ ಎತ್ತಿ ಕೂಗಿ. ಮುಳುಗುವವರನ್ನು ಎಳೆಯಲು ಗುಂಪಾಗಿ ನೀರಿಗೆ ಹಾರಬೇಡಿ, ಹಗ್ಗ, ಖಾಲಿ ಕೊಡ, ಏನು ಸಿಗುತ್ತದೋ ಅದನ್ನು ಎಸೆಯಿರಿ.

- ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವುದು ಬೇಡ
- ಸೀರೆ ಉಟ್ಟು ಮೊಣಕಾಲಿಗಿಂತ ಆಳಕ್ಕೆ ಬೇಡ, ಒದ್ದೆ ಸೀರೆ ಕಾಲಿಗೆ ಸುತ್ತುತ್ತದೆ
- ಊಟ, ಕುಡಿಯುವ ನೀರು, ಟೊಪ್ಪಿಗೆ, ಒಣ ಬಟ್ಟೆ
- ಮಕ್ಕಳ ಅಂಗಿ ಜೇಬಿನಲ್ಲಿ ಅಪ್ಪನ ನಂಬರ್ ಬರೆದ ಚೀಟಿ
- ಕತ್ತಲಾಗುವ ಮುಂಚೆ ಘಟ್ಟ ಹತ್ತಿ

ನಮ್ಮೊಂದಿಗೆ ಬರುವುದಾದರೆ

ಹೊಸಬರ ಮೊದಲ ಪಿಕ್ನಿಕ್ಕಿಗೆ ಸಂಘದ ಒಬ್ಬರು ಜೊತೆಗೆ ಬರುತ್ತೇವೆ. ಶನಿವಾರ ಸಂಜೆಯೊಳಗೆ ಎಷ್ಟು ಜನ ಅಂತ ತಿಳಿಸಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೋಟೆ ಬಾಗಿಲ ದುರ್ಗಾ ಗುಡಿಯ ಮುಂದೆ ಸೇರೋಣ. ಮೊದಲು ಬಸದಿ, ಆಮೇಲೆ ಮಹಾದೇವ ಗುಡಿಯ ತೋಟದಲ್ಲಿ ಊಟ. ರೊಟ್ಟಿ ನಿಮ್ಮದು, ಚಾದರ ಮತ್ತು ಕಸದ ಚೀಲ ನಮ್ಮದು. ಆಧಾರ್ ಕಾರ್ಡ್ ಮರೆಯಬೇಡಿ.